ಜಮಾದಾರರ ಹರವಿ

ಜಮಾದಾರರು ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂದಾಗ ನಾನು ಬಚ್ಚಲ ಮುಂದೆ ನಿಂತು ಹಲ್ಲು ಉಜ್ಜುತ್ತಿದ್ದೆ. ಕೇಳಿದವನೇ ಉಗಿದೆ. ಬಾಯಲ್ಲಿದ್ದದ್ದು ಪೇಸ್ಟು, ಹೇಗಿದ್ದರೂ ಉಗಿಯಬೇಕಿತ್ತು ಎಂದು ಸಬೂಬು ಹೇಳಬಹುದು. ಆದರೆ ಉಗಿದ ಮೇಲೆ ಎದೆ ಹಗುರವಾದದ್ದು ನಿಜ. ಅದನ್ನು ಮುಚ್ಚಿಟ್ಟು ಈ ಬರಹ ಶುರು ಮಾಡಿದರೆ ಮುಂದಿನದೆಲ್ಲ ಸುಳ್ಳಾಗುತ್ತದೆ.

ಅರ್ಧ ಗಂಟೆಯೊಳಗೆ ಓಣಿಯ ವಾಟ್ಸಾಪ್ ಗುಂಪು ಮುಗಿದ ಕೈಗಳಿಂದಲೂ ಉರಿಯುವ ದೀಪಗಳಿಂದಲೂ ತುಂಬಿಹೋಯಿತು. ಒಬ್ಬರು 'ಬಡವರ ಬಂಧು' ಎಂದು ಬರೆದರು, ಇನ್ನೊಬ್ಬರು 'ನಮ್ಮ ಓಣಿಯ ತಂದೆ' ಎಂದರು. ಓಣಿ ಕಮಿಟಿಯ ಅಧ್ಯಕ್ಷರು ನನಗೆ ಫೋನ್ ಮಾಡಿದರು. "ಅಣ್ಣಾ, ಸಂತಾಪ ಸಭಾದಾಗ ನೀವು ನಾಕ್ ಮಾತು ಹೇಳಬೇಕ್ರಿ. ಅವರ ಜೋಡಿ ನಿಮ್ಮಷ್ಟು ಓಡಾಡಿದವರು ಈ ಓಣ್ಯಾಗ ಯಾರದಾರ?" ಅದೂ ನಿಜವೇ. ಹೇಳುತ್ತೇನೆ ಎಂದೆ. ಈಗ ಆ ಸಭೆ ಮುಗಿದಿದೆ. ಅಲ್ಲಿ ಹೇಳಿ ನೀರುಪಾಲಾದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮೂರು ಗಡಿಯಾಚೆಯ ತೆಲುಗು ಸೀಮೆಯಲ್ಲಿ, ನಾರಾಯಣಪೇಟೆಗೂ ಮಕ್ತಲ್‌ಗೂ ನಡುವೆ ಇದೆ. ಹೆಸರು ಬೇಡ. ನಮ್ಮದು ನೇಕಾರರ ಓಣಿ, ನಲವತ್ತು ಮನೆ. ಮನೆಯೊಳಗೇ ನೆಲದಲ್ಲಿ ಕುಣಿ ತೋಡಿ ಮಗ್ಗ ಹೂಡಿರುತ್ತೇವೆ. ಪೊಲೀಸರೂ ಜನರೂ ಸ್ನೇಹಿತರಾಗಬೇಕು, ಓಣಿಗಳೇ ತಮ್ಮ ಕಳ್ಳತನ ತಡೆಯಬೇಕು ಎಂಬ ಯೋಜನೆ ಬಂದಾಗ, ನಮ್ಮ ಓಣಿಯನ್ನು ಠಾಣಾದ ಹೆಡ್ ಕಾನ್‌ಸ್ಟೇಬಲ್ ಒಬ್ಬರಿಗೆ ವಹಿಸಿದರು. ಹಳಬರ ಬಾಯಲ್ಲಿ ಹೆಡ್ ಕಾನ್‌ಸ್ಟೇಬಲ್ ಅಂದರೆ ಇವತ್ತಿಗೂ ಜಮಾದಾರ. ಹಾಗಾಗಿ ಅವರು ಜಮಾದಾರರಾದರು. ಎದುರಿಗೆ ಹತ್ತು ವರ್ಷ ಬಹುವಚನದಲ್ಲಿ ಮಾತಾಡಿದ್ದೇನೆ. ಇಲ್ಲಿ ಯಾರೂ ಕೇಳಿಸಿಕೊಳ್ಳುತ್ತಿಲ್ಲ, ಆತ ಎನ್ನುತ್ತೇನೆ.

ಆತ ಯಾರ ಮನೆಗೆ ಬಂದರೂ ಬೂಟು ಬಿಚ್ಚಿಯೇ ಒಳಗೆ ಕಾಲಿಡುತ್ತಿದ್ದ. ಪೊಲೀಸ್ ಬೂಟಿನ ಲೇಸು ಬಿಚ್ಚುವುದೆಂದರೆ ಸಣ್ಣ ಕೆಲಸವಲ್ಲ. ಹೊಸ್ತಿಲ ಹತ್ತಿರ ಬಗ್ಗಿ ಕೂತು, ಒಂದೊಂದೇ ಗಂಟು ಬಿಡಿಸುತ್ತ, ಅಡ್ಡಗಣ್ಣಲ್ಲಿ ಇಡೀ ಮನೆ ನೋಡಿ ಮುಗಿಸುತ್ತಿದ್ದ. ಹೊಸ ಮಿಕ್ಸರ್ ಬಂದಿದೆ, ಅಲ್ಮಾರಿಯ ಕೀಲಿಕೈ ಗೂಟಕ್ಕೆ ನೇತಾಡುತ್ತಿದೆ, ಸೊಸೆಯ ಕಣ್ಣು ಕೆಂಪಾಗಿದೆ. ನಾವು ಅದನ್ನು ಮರ್ಯಾದೆ ಎಂದುಕೊಂಡು ಹಿಗ್ಗುತ್ತಿದ್ದೆವು. ಪೊಲೀಸರು ಬೂಟು ಬಿಚ್ಚಿ ಒಳಗೆ ಬರುತ್ತಾರೆ ಎಂದು ಬೀಗರ ಮುಂದೆ ಹೇಳಿಕೊಳ್ಳುತ್ತಿದ್ದೆವು.

ಮಾತಾಡುವಾಗ ಎದುರಿನವರ ಮಣಿಕಟ್ಟು ಹಿಡಿದುಕೊಳ್ಳುವುದು ಆತನ ಅಭ್ಯಾಸ. ಗಟ್ಟಿಯಾಗಿ ಅಲ್ಲ, ನಾಡಿ ನೋಡುವ ವೈದ್ಯರ ಹಾಗೆ. ಕೈ ಮೆತ್ತಗಿತ್ತು, ಕೊಬ್ಬರಿ ಎಣ್ಣೆಯ ವಾಸನೆ ಇತ್ತು. ಬಿಡಿಸಿಕೊಂಡರೆ ಸೊಕ್ಕು ಎನಿಸುತ್ತಿತ್ತು, ಬಿಡಿಸಿಕೊಳ್ಳದಿದ್ದರೆ ಬೆವರು ಬರುತ್ತಿತ್ತು. ಈಗಲೂ ಯಾರಾದರೂ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹತ್ತಿರ ಬಂದರೆ ನನ್ನ ಬಲಗೈ ತಾನಾಗಿ ಜೇಬಿಗೆ ಹೋಗುತ್ತದೆ.

ಮನೆಗಳನ್ನು ಆತ ಮಗ್ಗದ ಸದ್ದಿನಿಂದ ಗುರುತಿಸುತ್ತಿದ್ದ. ಓಣಿಯ ತುದಿಯಲ್ಲಿ ನಿಂತು ಕಿವಿಗೊಟ್ಟು, "ಬಾವಿ ಹತ್ತರದ ಮನಿ ಮಗ್ಗ ಯಾಕ ಸುಮ್ಮನ ಕುಂತೈತಿ?" ಎನ್ನುತ್ತಿದ್ದ. ಹೋಗಿ ನೋಡಿದರೆ ಗಂಡನಿಗೆ ಜ್ವರ ಬಂದಿರುತ್ತಿತ್ತು, ಇಲ್ಲವೆ ಹೆಂಡತಿ ತವರಿಗೆ ಹೋಗಿರುತ್ತಿದ್ದಳು. ಇದು ವಿದ್ಯೆ. ಇಲ್ಲ ಎನ್ನುವುದಿಲ್ಲ.

ಅಂಗಿಯ ಜೇಬಿನಲ್ಲಿ ಸದಾ ಒಂದು ಪೆನ್ನಿನ ಟೊಪ್ಪಿಗೆ ಕಾಣುತ್ತಿತ್ತು. ಒಮ್ಮೆ ಸಹಿಗೆಂದು ಕೇಳಿದಾಗ ಹೊರತೆಗೆದು ತೋರಿಸಿದ, ಕೆಳಗೆ ಪೆನ್ನೇ ಇರಲಿಲ್ಲ. "ಪೆನ್ನು ತಗದ್ರ ಕೇಸು. ಕೇಸಾದ್ರ ಎರಡು ಮನಿ ಹಾಳು. ಯಾಕ ಬೇಕ್ರಿ? ಅಂತಾ ಮನವಾಳ್ಳೇ" ಎಂದು ನಕ್ಕ. ಎಲ್ಲರೂ ನಮ್ಮವರೇ ಎಂಬ ಈ ತೆಲುಗು ಮಾತು ಆತನ ಮಂತ್ರ. ಸಾಹೇಬರ ಮುಂದೆ, ಜಗಳದ ನಡುವೆ, ಹೆಣದ ಮುಂದೆ ಕೂಡ ಅದೇ. ಗಂಡನಿಂದ ಹೊಡೆತ ತಿಂದು ತುಟಿ ಬಾತುಕೊಂಡ ಹೆಂಗಸೊಬ್ಬಳು ಠಾಣಾಕ್ಕೆ ಹೋದರೆ ಆಕೆಗೆ ಚಹಾ ಕುಡಿಸಿದ, ಗಂಡನನ್ನು ಕರೆಸಿ ಆಕೆಯ ಕಾಲು ಮುಟ್ಟಿಸಿದ, ಫೋಟೋ ತೆಗೆಸಿದ, ಇಬ್ಬರನ್ನೂ ಒಂದೇ ಆಟೋದಲ್ಲಿ ಕಳಿಸಿದ. ಮುಂದಿನ ತಿಂಗಳು ಆಕೆ ಮತ್ತೆ ಬಂದಳು, ಈ ಸಲ ಕೈ ಮುರಿದಿತ್ತು. ಮತ್ತೆ ಚಹಾ, ಮತ್ತೆ ಫೋಟೋ. ಮೂರನೆಯ ಸಲ ಆಕೆ ಬರಲಿಲ್ಲ. ಸುಧಾರಿಸಿದರು ನೋಡಿ ಎಂದು ಆತ ಕಮಿಟಿಯಲ್ಲಿ ಹೇಳಿದಾಗ ನಾವು ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ.

ಓಣಿಯ ಮೂಲೆಗೆ ಕ್ಯಾಮೆರಾ ಹಾಕಿಸಿದವನೂ ಆತನೇ. ಆರೇ ತಿಂಗಳಿಗೆ ಅದರ ವಯರನ್ನು ಇಲಿ ಕಡಿಯಿತು. ರಿಪೇರಿ ಮಾಡಿಸೋಣ ಎಂದರೆ, "ಕ್ಯಾಮೆರಾ ಸತ್ತದ್ದು ನಮಗ ಗೊತ್ತು, ಕಳ್ಳಗ ಗೊತ್ತಿಲ್ಲಲ್ಲ. ಸುಮ್ಮನ ಬಿಡ್ರಿ" ಎಂದ. ಪ್ರತಿ ದಸರೆಗೆ ಅದಕ್ಕೆ ಹಾರ ಹಾಕಿ ಪೂಜೆ ಮಾತ್ರ ತಪ್ಪದೆ ಆಗುತ್ತಿತ್ತು. ಸತ್ತ ಕ್ಯಾಮೆರಾಕ್ಕೆ ಕುಂಕುಮ ಹಚ್ಚುವ ಓಣಿ ನಮ್ಮದು, ನಮ್ಮ ಬಗ್ಗೆ ಇನ್ನೇನು ಹೇಳಲಿ.

ಒಳ್ಳೆಯದನ್ನೂ ಬರೆಯಬೇಕು, ಇಲ್ಲದಿದ್ದರೆ ನನ್ನ ಮಾತಿಗೆ ಬೆಲೆ ಇರುವುದಿಲ್ಲ. ಒಂದು ವರ್ಷ ಮೆರವಣಿಗೆಯ ದಾರಿಯ ಬಗ್ಗೆ ಎರಡು ಓಣಿಗಳಿಗೆ ಮಾತು ಬೆಳೆದು, ಎರಡೂ ಕಡೆ ಕಟ್ಟಿಗೆ ಹಿಡಿದು ನಿಂತಿದ್ದರು. ಆತ ನಡುರಸ್ತೆಯಲ್ಲಿ ಒಂದು ಸ್ಟೂಲ್ ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಬಿಸಿಲಲ್ಲಿ ಕೂತ. ಆ ಕಡೆಯವರ ಹತ್ತಿರ ನೀರು ಕೇಳಿ ಕುಡಿದ, ಈ ಕಡೆಯವರ ಹತ್ತಿರ ಒಗ್ಗರಣೆ ಮಂಡಕ್ಕಿ ತರಿಸಿ ತಿಂದ. ಅಂದು ಯಾರ ತಲೆಯೂ ಒಡೆಯಲಿಲ್ಲ. ಆತ ದುಡ್ಡನ್ನೂ ಮುಟ್ಟುತ್ತಿರಲಿಲ್ಲ. ಲಂಚ ತಿನ್ನುವ ಮನುಷ್ಯನಾಗಿದ್ದರೆ ನಾವು ಆತನನ್ನು ಇಷ್ಟು ನಂಬುತ್ತಿರಲಿಲ್ಲ, ಆಗ ಈರಕ್ಕನ ಬಾಳಾದರೂ ಉಳಿಯುತ್ತಿತ್ತು.

ಈರಕ್ಕ ಎಳೆ ಜೋಡಿಸುವವಳು. ಮಗ್ಗದ ಮೇಲಿನ ಹಾಸು, ಎಂದರೆ ಉದ್ದಕ್ಕೆ ಬಿಗಿದ ನೂಲು, ಮುಗಿದಾಗ ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೆ ಹೊಸ ಹಾಸಿನ ಒಂದೊಂದು ಎಳೆ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ. ಬೆರಳಿಗೆ ಬೂದಿ ಹಚ್ಚಿಕೊಂಡು ಬೆಳಗಿನಿಂದ ಸಂಜೆತನಕ ಮಗ್ಗದ ಮುಂದೆ ಕೂತು ಮಾಡುವ ಕೆಲಸ. ಗುಡಿಯ ಹಿಂದೆ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದಳು. ಸೊಂಟದಲ್ಲಿ ಬೂದಿಯ ಡಬ್ಬಿ, ಬಾಯಲ್ಲಿ ಎಲೆ. ಮಗ್ಗ ಕುಣಿಯಲ್ಲಿ ಹೂತಿರುತ್ತದೆ, ಅದನ್ನು ಹೊರಗೆ ತರಲಾಗದು, ಆಕೆಯೇ ಒಳಗೆ ಬರಬೇಕು. ನಲವತ್ತು ಮನೆಯೂ ಬಾಗಿಲು ತೆರೆದು ಒಳಗೆ ಕರೆದರೆ ಮಾತ್ರ ಆಕೆಗೆ ಅನ್ನ. ಒಂದು ಬಾಗಿಲೂ ತೆರೆಯದ ಹಾಗೆ ಮಾಡಿದೆವು.

ಅದು ಹೇಗೆ ಎಂದು ಹೇಳುವ ಮೊದಲು ಹರವಿಯ ವಿಷಯ ಹೇಳಬೇಕು. ಓಣಿಯಲ್ಲಿ ಏನಾದರೂ ಕಳವಾದರೆ ಜಮಾದಾರ ದೂರು ಬರೆಸಿಕೊಳ್ಳುತ್ತಿರಲಿಲ್ಲ. ಗುಡಿಯ ಪಕ್ಕದ ಖಾಲಿ ಕೋಣೆಯಲ್ಲಿ ಒಂದು ದೊಡ್ಡ ಮಣ್ಣಿನ ಹರವಿ ಇಡಿಸುತ್ತಿದ್ದ. ಮನೆಗೊಬ್ಬರಂತೆ ಎಲ್ಲರೂ ಒಂದೊಂದು ಮುದ್ದೆ ಸಗಣಿ, ನಮ್ಮ ಮಾತಿನಲ್ಲಿ ಹೆಂಡಿ, ಹಿಡಿದು, ಒಬ್ಬೊಬ್ಬರಾಗಿ ಒಳಗೆ ಹೋಗಿ, ಹರವಿಗೆ ಹಾಕಿ ಬರಬೇಕು. ಕದ್ದವರು ಮಾಲನ್ನು ಮುದ್ದೆಯೊಳಗೆ ಮುಚ್ಚಿ ಹಾಕಿದರೆ ಮುಗಿಯಿತು. ಯಾರು ಎಂದು ಯಾರೂ ಕೇಳುವುದಿಲ್ಲ. ಇದು ಹಳ್ಳಿಯ ಹಿರಿಯರು ಮಾಡುತ್ತಿದ್ದ ಹಳೆಯ ಪದ್ಧತಿ. ಆತ ಅದಕ್ಕೆ ಒಂದು ಬ್ಯಾನರ್ ಕಟ್ಟಿದ, ಅಷ್ಟೇ. ಮೊದಲ ಮುದ್ದೆ ಆತನದು, ಎರಡನೆಯದು ಕಳೆದುಕೊಂಡವರದು, ಯಾರಿಗೂ ಅವಮಾನ ಆಗಬಾರದೆಂದು. ಹೀಗೆ ಒಂದು ಬೆಳ್ಳಿ ಕಾಲ್ಗಡಗ ಬಂತು, ಒಂದು ಮೊಬೈಲ್ ಫೋನ್ ಬಂತು. ಠಾಣಾದ ಪುಸ್ತಕದಲ್ಲಿ ನಮ್ಮ ಓಣಿಯ ಕಳ್ಳತನ ಸೊನ್ನೆ. ಮೇಲಿನ ಸಾಹೇಬರೊಬ್ಬರು ಬಂದು ಮೂಗಿಗೆ ಕರವಸ್ತ್ರ ಹಿಡಿದು ಹರವಿ ನೋಡಿ, ಆತನ ಬೆನ್ನು ತಟ್ಟಿ ಪ್ರಶಸ್ತಿಪತ್ರ ಕೊಟ್ಟರು.

ಇನ್ನು ನನ್ನ ಹೊಲಸು. ನನ್ನ ಹೆಂಡತಿಗೆ ತವರಿನ ಒಂದು ಬೋರಮಾಳ ಇದೆ, ಬಂಗಾರದ ಗುಂಡಿನ ಸರ. ಕಮಿಟಿಯ ಸಭೆಯೊಂದರಲ್ಲಿ ಜಮಾದಾರ ಹೇಳಿದ್ದ: "ಊರಿಗಿ ಹೋಗಾಕಾದ್ರ ಬಂಗಾರ ಅಲ್ಮಾರ್ಯಾಗ ಬಿಡಬ್ಯಾಡ್ರಿ. ಕಳ್ಳ ಮೊದಲು ಅಲ್ಮಾರಿನ ಒಡೀತಾನ. ಜ್ವಾಳದ ಚೀಲದಾಗ ಇಡ್ರಿ, ಅವನ ಅಪ್ಪಗೂ ಸಿಗಂಗಿಲ್ಲ." ರಾಯಚೂರಿಗೆ ಒಂದು ಮದುವೆಗೆ ಹೊರಟಾಗ ಮಗ್ಗದ ಕೋಣೆಯ ಎರಡು ಜೋಳದ ಚೀಲಗಳಲ್ಲಿ ಒಂದರೊಳಗೆ ನಾನು ಅದನ್ನು ಇಟ್ಟೆ. ಹೆಂಡತಿಗೆ ಹೇಳಲಿಲ್ಲ. ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂಬ ಬುದ್ಧಿವಂತಿಕೆ. ಮದುವೆಯಿಂದ ಬಂದ ಮರುದಿನ ಈರಕ್ಕ ನಮ್ಮ ಮಗ್ಗಕ್ಕೆ ಎಳೆ ಜೋಡಿಸಲು ಬಂದು, ಅದೇ ಚೀಲಗಳ ಮಗ್ಗುಲಲ್ಲಿ ದಿನವಿಡೀ ಕೂತಿದ್ದಳು. ಅದರ ಮರುದಿನ ನಾನು ಸೀರೆ ಕೊಡಲು ನಾರಾಯಣಪೇಟೆಗೆ ಹೋಗಿದ್ದಾಗ ಹೆಂಡತಿ ಅಲ್ಮಾರಿ ತೆಗೆದು, ಸರ ಕಾಣದೆ ಬೊಬ್ಬೆ ಹಾಕಿದ್ದಾಳೆ. ನಾನು ಬರುವಷ್ಟರಲ್ಲಿ ಓಣಿಯೆಲ್ಲ ನಮ್ಮ ಮನೆಯಲ್ಲಿತ್ತು. ಜಮಾದಾರ ಬೂಟು ಬಿಚ್ಚಿಟ್ಟು ಅಲ್ಮಾರಿಯ ಮುಂದೆ ಕೂತಿದ್ದ.

ನಾನು ಮೆಲ್ಲಗೆ ಮಗ್ಗದ ಕೋಣೆಗೆ ಹೋಗಿ ಚೀಲದೊಳಗೆ ಮೊಳಕೈವರೆಗೆ ಕೈ ಹಾಕಿದೆ. ಸರ ಇರಲಿಲ್ಲ. ಆಗಲೇ ಹೊರಗೆ ಬಂದು, ನಾನೇ ಅಲ್ಮಾರಿಯಿಂದ ತೆಗೆದು ಜೋಳದಲ್ಲಿ ಇಟ್ಟಿದ್ದೆ ಎಂದು ಹೇಳಬೇಕಿತ್ತು. ಹೆಂಡತಿಗೂ ಹೇಳದೆ ಬಂಗಾರ ಬಚ್ಚಿಟ್ಟವನು ಎಂದು ಓಣಿ ನಗುತ್ತದೆ ಎನಿಸಿ ಬಾಯಿ ಮುಚ್ಚಿಕೊಂಡೆ. ಒಳಗೆ ಬಂದವರು ಯಾರು ಎಂದು ಜಮಾದಾರ ಕೇಳಿದಾಗ ಮಾತ್ರ ಬಾಯಿ ಬಿಟ್ಟೆ. "ಈರಕ್ಕ ಒಬ್ಬಾಕೀನೇ ಬಂದಿದ್ಲು ನೋಡ್ರಿ."

ಮೂರು ದಿನ ಓಣಿಯ ಎಲ್ಲರ ಬಾಯಲ್ಲೂ ಅದೇ ಹೆಸರು. ನಾಲ್ಕನೆಯ ದಿನ ಬೆಳಗ್ಗೆ ಹರವಿ ಇಟ್ಟರು. ಹೆಂಡತಿ ಆಗಲೇ ಗುಡಿಯ ಹತ್ತಿರ ಹೋಗಿದ್ದಳು. ನಾನು ಮನೆ ಬೀಗ ಹಾಕುವ ಮೊದಲು ಮಗ್ಗದ ಕೋಣೆಯಲ್ಲಿ ಎರಡನೆಯ ಚೀಲದ ಬಾಯಿ ಬಿಚ್ಚಿಕೊಂಡದ್ದು ಕಂಡು ಕಟ್ಟಲು ಹೋದೆ. ಜೋಳದಲ್ಲಿ ಬೆರಳಿಗೆ ಗುಂಡು ಗುಂಡಾಗಿ ಏನೋ ತಗುಲಿತು. ಬೋರಮಾಳ. ನಾನು ಇಟ್ಟ ಚೀಲ ಬೇರೆ, ಹುಡುಕಿದ ಚೀಲ ಬೇರೆ. ಕಳ್ಳತನವೇ ಆಗಿರಲಿಲ್ಲ.

ಹೊರಗೆ ಮೈಕಿನಲ್ಲಿ ನನ್ನ ಹೆಸರು ಕೂಗುತ್ತಿದ್ದರು. ಸರ ಎತ್ತಿ ಹಿಡಿದು ಸಿಕ್ಕಿತು ಎಂದು ಓಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಜನ ನಗುತ್ತಿದ್ದರು, ಒಂದು ವಾರ ನಗುತ್ತಿದ್ದರು. ಆ ನಗೆಗೆ ಅಂಜಿದೆ. ಇದಕ್ಕಿಂತ ದೊಡ್ಡ ಕಾರಣವೊಂದನ್ನು ಇಷ್ಟು ವರ್ಷ ಹುಡುಕಿದ್ದೇನೆ, ಸಿಕ್ಕಿಲ್ಲ. ಗುಡಿಯ ಮುಂದಿನ ಬುಟ್ಟಿಯಿಂದ ಸಗಣಿ ತೆಗೆದುಕೊಂಡು, ಬೆನ್ನು ತಿರುಗಿಸಿ, ಸರವನ್ನು ಮುದ್ದೆಯೊಳಗೆ ಒತ್ತಿದೆ. ಕೋಣೆಯೊಳಗೆ ಹೋಗಿ ಹಾಕಿ ಬಂದು, ಎಲ್ಲರ ಜೊತೆ ಸಾಲಿನ ಬದಿಗೆ ನಿಂತು ಈರಕ್ಕನ ದಾರಿ ನೋಡಿದೆ.

ಈರಕ್ಕ ಬರಲಿಲ್ಲ. ತನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಜಮಾದಾರ ತಾನೇ ಹೋಗಿ ಆಕೆಯ ಮಣಿಕಟ್ಟು ಹಿಡಿದ.

"ಅಕ್ಕಾ, ಒಂದು ಮುದ್ದಿ ಹಾಕಿ ಬಂದ್ಬಿಡು. ಎಲ್ಲಾರೂ ಹಾಕ್ಯಾರ, ನಾನೂ ಹಾಕೀನಿ. ಹೆಂಡಿಗ್ಯಾಕ ಹೇಸ್ಕೋತಿ?"

ಆಕೆ ಕೈ ಕಿತ್ತುಕೊಂಡಳು. ಆತನಿಂದ ಕೈ ಕಿತ್ತುಕೊಂಡ ಮನುಷ್ಯರನ್ನು ನಾನು ನೋಡಿದ್ದು ಅದೊಂದೇ ಸಲ.

"ಹೆಂಡಿಗಿ ನಾ ಯಾಕ ಹೇಸಲಿ? ದಿನಾ ಅಂಗಳ ಸಾರಸ್ತೀನಿ. ಕದಿಲಾರದಽ ಕಳ್ಳರ ಸಾಲಿನ್ಯಾಗ ನಿಂದರಾಕ ಹೇಸ್ಕೋತೀನಿ. ಬೇಕಂದ್ರ ಕೇಸ್ ಬರೀರಿ. ನಿಮ್ಮ ಪುಸ್ತಕದಾಗ ಬರದು ನನ್ನ ಮನಿ ಹುಡುಕ್ರಿ, ಕಾಗದದ ಮ್ಯಾಲ ಇಲ್ಲಂತ ಬರಕೊಡ್ರಿ."

ಜಮಾದಾರ ನಕ್ಕ. ಅಂತಾ ಮನವಾಳ್ಳೇ ಎಂದ. ವಾಪಸು ಬಂದು ಹರವಿಯನ್ನು ಗುಡಿಕಟ್ಟೆಯ ಮುಂದೆ ಬೋರಲು ಹಾಕಿಸಿ, ಬಕೆಟ್ಟುಗಟ್ಟಲೆ ನೀರು ಸುರಿಸಿದ. ಸರ ಹೊರಬಂತು. ಹೆಂಗಸರು ಕಿರುಚಿದರು, ಯಾರೋ ಕಾಯಿ ಒಡೆದರು, ಫೋಟೋ ತೆಗೆದರು. ಆತ ಸರವನ್ನು ತಾನೇ ತೊಳೆಯಲು ಕೂತ. ಪಕ್ಕದಲ್ಲಿ ನಾನು ನೀರು ಹಾಕುತ್ತಿದ್ದೆ. ಗುಂಡುಗಳ ನಡುವೆ ಒಂದು ಜೋಳದ ಕಾಳು ಸಿಕ್ಕಿಕೊಂಡಿತ್ತು. ಆತ ಅದನ್ನು ನೋಡಿದ, ನನ್ನನ್ನು ನೋಡಿದ. ಅಲ್ಮಾರಿಯಿಂದ ಹೋದ ಸರದಲ್ಲಿ ಜೋಳ ಎಲ್ಲಿಂದ ಬಂತು ಎಂದು ತಿಳಿಯದಷ್ಟು ದಡ್ಡ ಆತನಲ್ಲ, ಚೀಲದ ಉಪಾಯ ಹೇಳಿಕೊಟ್ಟವನೂ ಆತನೇ. ಹೆಬ್ಬೆರಳ ಉಗುರಿನಿಂದ ಕಾಳನ್ನು ಎಬ್ಬಿಸಿ ಮೋರಿಗೆ ಚಿಮ್ಮಿಸಿದ. "ಮಾಲು ಬಂತಲ್ಲ ಅಣ್ಣಾ, ಇನ್ನೇನು" ಎಂದು ನನ್ನ ಮಣಿಕಟ್ಟು ಹಿಡಿದುಕೊಂಡ.

ಈಗ ಓಣಿಯ ಲೆಕ್ಕ ನೋಡಿ. ಸರ ಬಂದದ್ದು ಮುದ್ದೆಯೊಳಗಿಂದ. ಮುದ್ದೆ ಹಾಕದವಳು ಈರಕ್ಕ ಒಬ್ಬಳೇ. ಅಂದರೆ ಆ ದಿನ ಇಡೀ ಓಣಿಯಲ್ಲಿ ಕದ್ದಿಲ್ಲ ಎಂದು ಖಾತ್ರಿಯಾದವಳು ಅವಳೊಬ್ಬಳೇ. ಸಾಲೆಯ ಹುಡುಗರಿಗೂ ಹೊಳೆಯುವ ಮಾತು. ನಮಗೆ ಹೊಳೆಯಲಿಲ್ಲ. ಹರವಿಗೆ ಅಂಜಿ ಬರಲಿಲ್ಲ, ಆದ್ದರಿಂದ ಆಕೆಯೇ ಕಳ್ಳಿ ಎಂದರು. ಹಾಗಾದರೆ ಸರ ಒಳಗೆ ಹಾಕಿದವರು ಯಾರು ಎಂದರೆ, ಯಾರ ಕೈಯಲ್ಲೋ ಹಾಕಿಸಿದ್ದಾಳೆ ಎಂದರು. ಸಗಣಿ ಹಿಡಿದ ನಲವತ್ತು ಕೈಗಳು ತೊಳೆದುಕೊಂಡು ಶುದ್ಧವಾದವು. ಹಿಡಿಯದ ಕೈಗೆ ಹೊಲಸು ಅಂಟಿತು.

ಕೇಸು ಆಗಲಿಲ್ಲ. ಆದರೆ ಠಾಣಾದ ಅನುಮಾನದವರ ಪಟ್ಟಿಯಲ್ಲಿ ಈರಕ್ಕನ ಹೆಸರು ಸೇರಿತು. ಸಹಕರಿಸಲಿಲ್ಲ ಎಂಬುದು ಕಾರಣ. ಆಮೇಲೆ ಬಸ್ಸಿನಲ್ಲಿ ಯಾರದೋ ಪರ್ಸು ಹೋದರೂ, ಪಕ್ಕದೂರಲ್ಲಿ ಕುರಿ ಹೋದರೂ ಆಕೆಯನ್ನು ಕರೆದು ಠಾಣಾದ ಬೇವಿನ ಗಿಡದ ಕೆಳಗೆ ಸಂಜೆತನಕ ಕೂಡಿಸುತ್ತಿದ್ದರು. ಹೊಡೆಯಲಿಲ್ಲ, ಬಯ್ಯಲಿಲ್ಲ, ಚಹಾ ಕೊಟ್ಟರು. ಓಣಿಯಲ್ಲೂ ಯಾರೂ ಬರಬೇಡ ಎನ್ನಲಿಲ್ಲ. ನಾಳೆ ಬಾ ಎಂದರು. ನಾಳೆ ಹೋದರೆ ನಾವೇ ಜೋಡಿಸಿಕೊಂಡೆವು ಎಂದರು. ಒಂದು ದಿನ ಆಕೆ ಬೂದಿಯ ಡಬ್ಬಿ ಕಟ್ಟಿಕೊಂಡು ಗದ್ವಾಲ್ ಬಸ್ಸು ಹತ್ತಿದಳು. ನಾನು ಬಸ್‌ಸ್ಟ್ಯಾಂಡಿನಲ್ಲೇ ಇದ್ದೆ, ಪೇಪರು ಅಡ್ಡ ಹಿಡಿದುಕೊಂಡೆ.

ನನ್ನ ಬಾಕಿ ಕತೆ ಸಣ್ಣದು. ಪಂಚನಾಮೆಗೆ ಸಾಕ್ಷಿಯ ಸಹಿ ಬೇಕಾದಾಗಲೆಲ್ಲ ಜಮಾದಾರ ನಮ್ಮ ಮನೆಗೆ ಬರುತ್ತಿದ್ದ. ಲೇಸು ಬಿಚ್ಚುತ್ತ ತಲೆ ಎತ್ತದೆ ಕೇಳುತ್ತಿದ್ದ: "ಅಣ್ಣಾ, ಈ ವರ್ಷ ಜ್ವಾಳ ಹೆಂಗೈತಿ? ಹುಳಾ ಗಿಳಾ ಬಿದ್ದಿಲ್ಲಲ್ಲ?" ನಾನು ಪೆನ್ನು ತೆಗೆಯುತ್ತಿದ್ದೆ. ನೋಡದ ಸಾರಾಯಿ ಬಾಟಲಿ ನೋಡಿದೆ ಎಂದು ಸಹಿ ಮಾಡಿದೆ. ಹೋಗದ ಹಳ್ಳದಲ್ಲಿ ಮರಳಿನ ಟ್ರ್ಯಾಕ್ಟರ್ ಹಿಡಿದದ್ದಕ್ಕೆ ಸಹಿ ಮಾಡಿದೆ. ಹೆಂಡತಿ ಒಳಗಿನಿಂದ, "ಜಮಾದಾರ್ರು ನಮ್ಮ ಜ್ವಾಳದ ಮ್ಯಾಲ ಎಷ್ಟು ಕಾಳಜಿ ಮಾಡ್ತಾರ ನೋಡ್ರಿ" ಎನ್ನುತ್ತಿದ್ದಳು. ಆಗ ಆಕೆಯ ಕೊರಳಲ್ಲಿ ಆ ಸರ ಇರುತ್ತಿತ್ತು.

ನಿವೃತ್ತನಾದ ಮೇಲೆ ಆತ ಮಕ್ತಲ್‌ನಲ್ಲಿ ಮನೆ ಮಾಡಿದ. ಸಕ್ಕರೆ ಕಾಯಿಲೆಗೆ ಕಾಲು ಕೆಟ್ಟು ಹಾಸಿಗೆ ಹಿಡಿದಿದ್ದಾನೆಂದು ಕೇಳಿ ನೋಡಲು ಹೋದೆ. ಇನ್ನು ಆ ಕಾಲಿಗೆ ಬೂಟು ಹಿಡಿಸುವಂತಿರಲಿಲ್ಲ. ಧೈರ್ಯ ಮಾಡಿ ಕೇಳಿದೆ.

"ಈರಕ್ಕನ ಹೆಸರು ಯಾಕ ಬರಸಿದ್ರಿ? ಆಕಿ ಅಲ್ಲಂತ ನಿಮಗ ಗೊತ್ತಿತ್ತಲ್ಲ."

"ಮತ್ತ ನಿಮ್ಮ ಹೆಸರು ಬರಸಬೇಕಿತ್ತೇನು?" ಎಂದ. ಸಿಟ್ಟು ಇರಲಿಲ್ಲ, ಪ್ರೀತಿಯಿಂದಲೇ ಕೇಳಿದ. "ನಲವತ್ತು ಮನಿ ಒಂದಾಗಿ ಇರಬೇಕಂದ್ರ ಯಾರರೆ ಒಬ್ಬರು ಹೊರಗಿರಬೇಕಾಗತೈತಿ ಅಣ್ಣಾ. ಆಕಿ ತಾನಽ ಹೊರಗ ನಿಂತ್ಲು. ನಾ ಏನ್ ಮಾಡ್ಲಿ?"

ಆತ ಕೈ ಚಾಚಿದ. ನಾನು ಮಣಿಕಟ್ಟು ಕೊಟ್ಟೆ. ಆಗಲೂ ಕೊಟ್ಟೆ. ಹೊರಗೆ ಬಂದು ಬಸ್‌ಸ್ಟ್ಯಾಂಡಿನ ನಲ್ಲಿಯಲ್ಲಿ ಮೊಳಕೈವರೆಗೆ ತೊಳೆದುಕೊಂಡೆ. ಅದಾಗಿ ತಿಂಗಳಿಗೆ ಆತ ಹೋದ.

ಸಂತಾಪ ಸಭೆಗೆ ಎರಡು ದಿನ ಮುಂಚೆ ಗದ್ವಾಲ್‌ಗೆ ಹೋದೆ. ಸೀರೆ ವ್ಯಾಪಾರದ ಪರಿಚಯದವರು ಈರಕ್ಕ ಕೆಲಸ ಮಾಡುತ್ತಿದ್ದ ಮನೆ ತೋರಿಸಿದರು. ಕನ್ನಡಕ ಬಂದಿತ್ತು, ಬೆರಳು ಹಾಗೇ ಇದ್ದವು. ನಾನು ಎಲ್ಲ ಹೇಳಿದೆ. ಚೀಲ, ಕಾಳು, ಮುದ್ದೆ, ಎಲ್ಲ. ಆಕೆ ಎಳೆ ಹೊಸೆಯುವುದನ್ನು ನಿಲ್ಲಿಸಲಿಲ್ಲ. ನಾನು ಅಳಲು ಶುರು ಮಾಡಿದಾಗ ಮಾತ್ರ, "ಕಣ್ಣೀರು ಹಾಸಿನ ಮ್ಯಾಲ ಬೀಳತೈತಿ, ಹಿಂದ ಸರೀರಿ" ಎಂದಳು.

ಆಮೇಲೆ ಕೇಳಿದಳು. "ಇದನ್ನ ಇಲ್ಲಿ ಹೇಳಿದ್ರ ಏನ್ ಬಂತ್ರಿ? ಗದ್ವಾಲದಾಗ ನನ್ನ ಯಾರೂ ಕಳ್ಳಿ ಅನ್ನಂಗಿಲ್ಲ. ಅಲ್ಲಿ ಹೇಳ್ತೀರೇನು? ಹೇಳ್ತೀನಂದ್ರ ನಾ ಬಂದು ಕೇಳ್ತೀನಿ."

ಹೇಳುತ್ತೇನೆ ಎಂದೆ.

ಸಭೆ ಗುಡಿಯ ಮುಂದೆ, ಬೆಳಗಿನ ಹತ್ತು ಗಂಟೆಗೆ. ಆತನ ದೊಡ್ಡ ಫೋಟೋ ಇಟ್ಟಿದ್ದರು. ಫೋಟೋದ ಪಕ್ಕಕ್ಕೆ ಒಂದು ಮೇಜಿನ ಮೇಲೆ ಆ ಹರವಿಯನ್ನು ತೊಳೆದು, ಸುಣ್ಣ ಬಳಿದು, ಚೆಂಡುಹೂವಿನ ಹಾರ ಹಾಕಿ ಇಟ್ಟಿದ್ದರು. ಮುಂದಿನ ಸಾಲಿನಲ್ಲಿ ನನ್ನ ಹೆಂಡತಿ ಬೋರಮಾಳ ಹಾಕಿಕೊಂಡು ಕೂತಿದ್ದಳು. ಹಿಂದೆ, ಕಂಬದ ಪಕ್ಕ, ಬಿಸಿಲಲ್ಲಿ ಈರಕ್ಕ ನಿಂತಿದ್ದಳು. ಆಕೆಯ ಅಕ್ಕಪಕ್ಕ ಜಾಗ ಖಾಲಿ ಇತ್ತು.

ಮೈಕು ಹಿಡಿದು ಹೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ. ಸರ ಕಳವಾಗಿರಲಿಲ್ಲ, ನಾನೇ ಜೋಳದಲ್ಲಿ ಇಟ್ಟು ಮರೆತಿದ್ದೆ, ನಾನೇ ಮುದ್ದೆಯಲ್ಲಿಟ್ಟು ಹರವಿಗೆ ಹಾಕಿದೆ, ಈರಕ್ಕ ಕದ್ದಿಲ್ಲ, ಜಮಾದಾರರಿಗೂ ಇದು ಗೊತ್ತಿತ್ತು. ಇಷ್ಟೇ. ಕೂತುಕೊಂಡೆ. ಕಲ್ಲು ಬೀಳಬಹುದು, ಬೈಗುಳ ಬೀಳಬಹುದು ಎಂದುಕೊಂಡಿದ್ದೆ. ಬಿದ್ದರೆ ಚೆನ್ನ ಎಂದೂ ಅನಿಸಿತ್ತು.

ಅಧ್ಯಕ್ಷರು ಎದ್ದು ಮೈಕು ತೆಗೆದುಕೊಂಡರು. ಕಣ್ಣು ಒರೆಸಿಕೊಂಡರು. "ಕೇಳಿದ್ರೇನ್ರೀ ಎಲ್ಲಾರೂ? ಎಂಥಾ ದೊಡ್ಡ ಮನಸು! ಒಬ್ಬ ಬಡ ಹೆಣ್ಮಗಳ ಹೆಸರು ಉಳಸಾಕ ಅಣ್ಣ ತಪ್ಪು ತನ್ನ ತಲಿ ಮ್ಯಾಲ ಹಾಕ್ಕೊಂಡ್ರು. ಜಮಾದಾರ್ರು ನಮಗ ಕಲಿಸಿದ್ದಽ ಇದು. ಅಂತಾ ಮನವಾಳ್ಳೇ. ಇವತ್ತಿನಿಂದ ಈರಕ್ಕನ್ನ ನಾವೆಲ್ಲ ಮಾಫ್ ಮಾಡೀವಿ."

ಮಾಫ್. ಕದಿಯದಿದ್ದವಳಿಗೆ ಕ್ಷಮೆ. ನಲವತ್ತು ಮನೆಯ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಕೊರಳಿಗೆ, ಫೋಟೋಕ್ಕೆಂದು ತಂದು ಉಳಿದಿದ್ದ ಹಾರ ಬಿತ್ತು. ಹೊಸದಾಗಿ ಬಂದ ಸಬ್ ಇನ್‌ಸ್ಪೆಕ್ಟರ್ ನನ್ನ ಕೈ ಕುಲುಕಿದರು. ಪಟ್ಟಿಯಿಂದ ಆಕೆಯ ಹೆಸರು ತೆಗೆಯಿರಿ ಎಂದು ಅವರಿಗೆ ಅಲ್ಲೇ ಕೇಳಿದೆ. "ಕೇಸೇ ಆಗಿಲ್ಲವಲ್ಲ, ಏನಂತ ಬರೆದು ತೆಗೆಯೋದು? ನೋಡೋಣ" ಎಂದು ಫೋಟೋಕ್ಕೆ ನಿಂತರು.

ಚಪ್ಪಾಳೆ ತಟ್ಟದವಳು ಒಬ್ಬಳಿದ್ದಳು. ನನ್ನ ಹೆಂಡತಿ ಕುರ್ಚಿ ಸರಿಸಿ ಎದ್ದಳು. ಜೋಳದ ಮೇಲೆ ಜಮಾದಾರರ ಕಾಳಜಿ ಏನೆಂದು ಆಕೆಗೆ ಈಗ ತಿಳಿದಿತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಜನರ ನಡುವೆ ದಾರಿ ಮಾಡಿಕೊಂಡು ಹಿಂದೆ ಹೋದಳು. ಈರಕ್ಕನ ಮುಂದೆ ನಿಂತು ಕೊರಳಿನ ಸರ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ಯಕ್ಕಾ, ನಮ್ಮ ಮಗ್ಗದ ಹಾಸು ಮುಗದು ಹನ್ನೆರಡು ದಿನ ಆತು. ಬರ್ತಿಯೇನು?" ಎಂದಳು. ಈರಕ್ಕ ಸೊಂಟದ ಡಬ್ಬಿ ಮುಟ್ಟಿ ನೋಡಿದಳು. "ಬೂದಿ ಐತೇನು ಮನ್ಯಾಗ?" ಎಂದು ಕೇಳಿ ಜೊತೆಗೆ ಹೊರಟಳು.

ನಾನು ಹಾರ ಕಿತ್ತೊಗೆದು ಅವರ ಹಿಂದೆ ಓಡಿದೆ. ಈರಕ್ಕ ನಮ್ಮ ಹೊಸ್ತಿಲು ದಾಟಿ ಒಳಗೆ ಹೋದಳು. ನಾನು ಕಾಲಿಡುವಷ್ಟರಲ್ಲಿ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಆಕೆ ನನ್ನನ್ನು ಹಾಗೆ ನೋಡಿರಲಿಲ್ಲ.

"ನೀವು ಹೊರಗಿರ್ರಿ. ಆಕಿ ಕೆಲಸ ಮುಗ್ಯೂತನಕ ಒಳಗ ಬರಬ್ಯಾಡ್ರಿ."

ಬಾಗಿಲು ಹಾಕಿಕೊಂಡಿತು. ಮನೆ ಮುಂದಿನ ಕಟ್ಟೆಯ ಮೇಲೆ ಕೂತೆ. ಸಭೆ ಮುಗಿಸಿ ಜನ ಬರತೊಡಗಿದರು. ಒಬ್ಬೊಬ್ಬರೂ ನಿಂತು ಕೈ ಮುಗಿದರು, ಕೆಲವರು ನನ್ನ ಮಣಿಕಟ್ಟು ಹಿಡಿದು ಎಂಥಾ ಮನಸ್ಸು ಎಂದರು. ಕೊನೆಗೆ ಅಧ್ಯಕ್ಷರು ಬಂದು ಕೇಳಿದರು.

"ಯಾಕಣ್ಣಾ, ಹೊರಗ ಕುಂತೀರಿ?"

"ಒಳಗ ಎಳಿ ಜೋಡಸಾಕತ್ತಾರ. ಕಳ್ಳರನ್ನ ಒಳಗ ಬಿಡಂಗಿಲ್ಲಂತ."

ಅವರು ನನ್ನ ಬೆನ್ನು ತಟ್ಟಿ, ನಗುತ್ತ ಮುಂದೆ ಹೋದರು.